ಸೊಪ್ಪು ತಿಂದರೆ ಕೀಮೋ ಔಷಧದ ಹಾನಿಯಿಂದ ಹೃದಯ ಉಳಿಯುತ್ತದೆಯೇ?

ಪಾಲಕ್ ರಸ ಕುಡಿದರೆ ಕ್ಯಾನ್ಸರ್ ಔಷಧದಿಂದ ಹೃದಯಕ್ಕೆ ಆಗುವ ಹಾನಿ ತಪ್ಪುತ್ತದೆ, ಇದನ್ನು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ ಎನ್ನುವ ಮಾತು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇದು ಪೂರ್ತಿ ಕಟ್ಟುಕಥೆಯಲ್ಲ. ಇದರ ಹಿಂದೆ ನಿಜವಾದ ಸಂಶೋಧನೆಯೊಂದಿದೆ. ಆದರೆ ಸಂಶೋಧನೆ ಹೇಳಿದ್ದು ಒಂದು, ಸಂದೇಶ ಹೇಳುವುದು ಇನ್ನೊಂದು. ಕೀಮೋ ಪಡೆಯುತ್ತಿರುವವರ ಮನೆಯಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ.

ಯಾವ ಔಷಧದ ಮಾತು ಇದು?

ಡಾಕ್ಸೊರುಬಿಸಿನ್ ಎಂಬ ಔಷಧದ್ದು. ಸ್ತನ ಕ್ಯಾನ್ಸರ್, ಲಿಂಫೋಮಾ, ಕೆಲವು ಬಗೆಯ ರಕ್ತ ಕ್ಯಾನ್ಸರ್ ಹಾಗೂ ಮೂಳೆ ಕ್ಯಾನ್ಸರ್‌ಗಳಿಗೆ ದಶಕಗಳಿಂದ ಬಳಕೆಯಲ್ಲಿದೆ. ಔಷಧದ ಬಣ್ಣ ಕೆಂಪು. ಡ್ರಿಪ್ ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪಗಾಗುವುದುಂಟು. ರೋಗಿಗಳು ಇದನ್ನು 'ರೆಡ್ ಡೆವಿಲ್' ಎಂದೂ ಕರೆಯುತ್ತಾರೆ.

ಕ್ಯಾನ್ಸರ್ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ಅವು ಬೆಳೆಯದಂತೆ ತಡೆಯುವುದು ಇದರ ಕೆಲಸ. ಆದರೆ ಹೃದಯದ ಸ್ನಾಯುವಿಗೂ ಇದರಿಂದ ಪೆಟ್ಟು ಬೀಳಬಹುದು. ಹೃದಯ ಹಗಲೂ ರಾತ್ರಿ ಬಡಿಯಲು ಬೇಕಾದ ಶಕ್ತಿ ಕೊಡುವುದು ಅದರ ಕೋಶಗಳಲ್ಲಿರುವ ಮೈಟೋಕಾಂಡ್ರಿಯಾಗಳು. ಔಷಧ ಈ ಶಕ್ತಿಕೇಂದ್ರಗಳನ್ನೇ ಕೆಡಿಸುತ್ತದೆ. ಸತ್ತ ಹೃದಯ ಕೋಶಗಳ ಜಾಗದಲ್ಲಿ ಹೊಸವು ಹುಟ್ಟುವುದು ತೀರಾ ಕಡಿಮೆ.

ಅಪಾಯ ಎಷ್ಟು ಎಂಬುದು ಒಟ್ಟು ಪ್ರಮಾಣದ ಮೇಲೆ ನಿಂತಿದೆ. 2003ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ದೇಹದ ಪ್ರತಿ ಚದರ ಮೀಟರ್‌ಗೆ ಒಟ್ಟು 400 ಮಿಲಿಗ್ರಾಂ ಪಡೆದವರಲ್ಲಿ ಸುಮಾರು ಶೇ 5 ಮಂದಿಗೆ ಹೃದಯ ವೈಫಲ್ಯ ಕಾಣಿಸಿಕೊಂಡಿತು. 550 ಮಿಲಿಗ್ರಾಂಗೆ ಅದು ಶೇ 26ಕ್ಕೆ, 700ಕ್ಕೆ ಶೇ 48ಕ್ಕೆ ಏರಿತು. ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡುವ ನಾಲ್ಕು ಸುತ್ತಿನ ಚಿಕಿತ್ಸೆಯಲ್ಲಿ ಒಟ್ಟು ಪ್ರಮಾಣ 240ರ ಆಸುಪಾಸು. ಅಂದರೆ ವೈದ್ಯರು ಮೊದಲೇ ಲೆಕ್ಕ ಹಾಕಿ ಅಪಾಯದ ಮಟ್ಟಕ್ಕಿಂತ ಬಹಳ ಕೆಳಗೆ ನಿಲ್ಲಿಸುತ್ತಾರೆ.

ಸೊಪ್ಪಿಗೂ ಹೃದಯಕ್ಕೂ ಏನು ಸಂಬಂಧ?

ಪಾಲಕ್, ದಂಟು, ಮೂಲಂಗಿ ಸೊಪ್ಪು, ಲೆಟ್ಯೂಸ್, ಬೀಟ್‌ರೂಟ್‌ಗಳಲ್ಲಿ ನೈಟ್ರೇಟ್ ಎಂಬ ಲವಣಾಂಶ ಇರುತ್ತದೆ. ನಾವು ತಿಂದ ನೈಟ್ರೇಟ್ ರಕ್ತ ಸೇರಿ, ಅದರ ಸುಮಾರು ಕಾಲು ಭಾಗ ಜೊಲ್ಲಿನ ಮೂಲಕ ಮತ್ತೆ ಬಾಯಿಗೆ ಬರುತ್ತದೆ. ನಾಲಿಗೆಯ ಮೇಲಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದು ಪಾಲನ್ನು ನೈಟ್ರೈಟ್ ಮಾಡುತ್ತವೆ. ಅದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ರಕ್ತನಾಳಗಳನ್ನು ಸಡಿಲಗೊಳಿಸುವ ಈ ಅನಿಲದ ಪಾತ್ರವನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ ಕೆಲಸ ಮಾಡುವುದೂ ನೈಟ್ರಿಕ್ ಆಕ್ಸೈಡ್ ಮೂಲಕವೇ.

ನಮ್ಮ ಬಸ್ಸಾರಿನ ಬಗ್ಗೆ ಇಲ್ಲೊಂದು ಮಾತು. ನೈಟ್ರೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದರ ಜೊತೆ ನೈಟ್ರೇಟೂ ಹೋಗುತ್ತದೆ. ಬಸಿದ ನೀರಿನಲ್ಲೇ ಸಾರು ಮಾಡುವುದರಿಂದ ಬಸ್ಸಾರಿನಲ್ಲಿ ಅದು ಉಳಿಯುತ್ತದೆ.

ಸಂಶೋಧನೆ ನಿಜವಾಗಿ ಹೇಳಿದ್ದೇನು?

ಅಮೆರಿಕದ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಲಿಗಳಿಗೆ ಡಾಕ್ಸೊರುಬಿಸಿನ್ ಚುಚ್ಚಿದರು. ಕೆಲವಕ್ಕೆ ಮೊದಲೇ ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಗ್ರಾಂ ಸೋಡಿಯಂ ನೈಟ್ರೇಟ್ ಬೆರೆಸಿ ಕೊಟ್ಟಿದ್ದರು. ನೈಟ್ರೇಟ್ ಕುಡಿದ ಇಲಿಗಳ ಹೃದಯ ಉಳಿದವುಗಳಿಗಿಂತ ಚೆನ್ನಾಗಿ ಕೆಲಸ ಮಾಡಿತು, ಮೈಟೋಕಾಂಡ್ರಿಯಾಗಳಿಗೂ ಕಡಿಮೆ ಪೆಟ್ಟು ಬಿತ್ತು.

ಫಲಿತಾಂಶ ಆಶಾದಾಯಕ, ಅನುಮಾನವಿಲ್ಲ. ಆದರೆ ಫಾರ್ವರ್ಡ್ ಸಂದೇಶ ಮೂರು ವಿಷಯ ನುಂಗಿಹಾಕುತ್ತದೆ.

ಒಂದು, ಆ ಇಲಿಗಳು ಸೊಪ್ಪು ತಿಂದಿರಲಿಲ್ಲ. ಅಳೆದು ಬೆರೆಸಿದ ಲವಣದ ನೀರು ಕುಡಿದಿದ್ದವು. ಸೊಪ್ಪಿನಲ್ಲಿರುವ ನೈಟ್ರೇಟ್ ಮಣ್ಣು, ಗೊಬ್ಬರ, ಬಿಸಿಲಿಗೆ ತಕ್ಕಂತೆ ಕಟ್ಟಿನಿಂದ ಕಟ್ಟಿಗೆ ಬದಲಾಗುತ್ತದೆ.

ಎರಡು, ಇಲಿಗೆ ಒಂದೇ ಸಲ ದೊಡ್ಡ ಪ್ರಮಾಣದ ಔಷಧ ಕೊಟ್ಟು ಕೆಲವೇ ದಿನಗಳಲ್ಲಿ ಹೃದಯ ಪರೀಕ್ಷಿಸಲಾಯಿತು. ಮನುಷ್ಯರಿಗೆ ತಿಂಗಳುಗಟ್ಟಲೆ, ಸುತ್ತು ಸುತ್ತಾಗಿ ಕೊಡುತ್ತಾರೆ. ಹಾನಿ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು.

ಮೂರು, ಹೃದಯವನ್ನು ಕಾಪಾಡುವ ವಸ್ತು ಕ್ಯಾನ್ಸರ್ ಕೋಶವನ್ನೂ ಕಾಪಾಡಿಬಿಟ್ಟರೆ? ರೋಗಿಗಳ ಮೇಲೆ ಸರಿಯಾದ ಪ್ರಯೋಗ ನಡೆಸದೆ ಇದಕ್ಕೆ ಉತ್ತರ ಸಿಗುವುದಿಲ್ಲ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಗಳು ಲೆಕ್ಕವಿಲ್ಲದಷ್ಟಿವೆ.

ಹಾಗಾದರೆ ಸೊಪ್ಪು ತಿನ್ನಬಾರದೇ?

ಖಂಡಿತ ತಿನ್ನಿ. ಆದರೆ ಊಟವಾಗಿ ತಿನ್ನಿ, ಔಷಧವೆಂದು ಅಲ್ಲ. ಕೀಮೋ ನಡೆಯುವಾಗ ಬಿಳಿ ರಕ್ತಕಣಗಳು ಕುಸಿಯುವುದರಿಂದ ಸೋಂಕು ಬೇಗ ತಗಲುತ್ತದೆ. ಹಸಿ ಸೊಪ್ಪಿನ ರಸಕ್ಕಿಂತ ಚೆನ್ನಾಗಿ ತೊಳೆದು ಬೇಯಿಸಿದ ಸೊಪ್ಪು ಮೇಲು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಸೊಪ್ಪು ಹೆಚ್ಚಿಸಿದರೆ, ಅದರಲ್ಲಿನ ವಿಟಮಿನ್ ಕೆ ಮಾತ್ರೆಯ ಪರಿಣಾಮವನ್ನು ಕುಗ್ಗಿಸುತ್ತದೆ. ಕಿಡ್ನಿ ಕಲ್ಲಿನ ತೊಂದರೆ ಇದ್ದವರಿಗೆ ದಿನಾ ಲೋಟಗಟ್ಟಲೆ ಪಾಲಕ್ ರಸ ಒಳ್ಳೆಯದಲ್ಲ, ಅದರಲ್ಲಿ ಆಕ್ಸಲೇಟ್ ಹೆಚ್ಚು. ನೈಟ್ರೇಟ್ ಪುಡಿಯನ್ನಂತೂ ಸ್ವಂತವಾಗಿ ತರಿಸಿ ಕುಡಿಯಲೇಬೇಡಿ.

ಹೃದಯವನ್ನು ನಿಜವಾಗಿ ಕಾಯುವುದು ಏನು?

ಚಿಕಿತ್ಸೆಗೆ ಮೊದಲು ಮತ್ತು ನಂತರ ವೈದ್ಯರು ಹೇಳಿದಾಗಲೆಲ್ಲ ಎಕೋ ಪರೀಕ್ಷೆ ಮಾಡಿಸುವುದು. ಬಿಪಿ, ಶುಗರ್ ಹತೋಟಿಯಲ್ಲಿಡುವುದು. ಮೊದಲೇ ಹೃದಯದ ತೊಂದರೆ ಇದ್ದರೆ, ಎದೆಗೆ ರೇಡಿಯೇಷನ್ ಆಗಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳುವುದು. ಹೆಚ್ಚು ಪ್ರಮಾಣದ ಔಷಧ ಬೇಕಾದ ಕೆಲವರಿಗೆ ಹೃದಯ ರಕ್ಷಣೆಗೆಂದೇ ಡೆಕ್ಸ್‌ರಝೋಕ್ಸೇನ್ ಎಂಬ ಔಷಧವಿದೆ. ಅದು ಬೇಕೇ ಬೇಡವೇ ಎಂದು ಕ್ಯಾನ್ಸರ್ ತಜ್ಞರು ನಿರ್ಧರಿಸುತ್ತಾರೆ.

ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು, ಪಾದಗಳಲ್ಲಿ ಊತ, ಮಲಗಿದರೆ ಉಸಿರು ಕಟ್ಟುವುದು, ಎದೆ ಡವಡವ ಎನ್ನುವುದು ಕಂಡರೆ ತಡಮಾಡದೆ ತೋರಿಸಿ. ಚಿಕಿತ್ಸೆ ಮುಗಿದು ಹಲವು ವರ್ಷ ಕಳೆದಿದ್ದರೂ ಅಷ್ಟೇ.

ಒಟ್ಟಿನಲ್ಲಿ: ಇಲಿಗಳ ಪ್ರಯೋಗ ನಿಜ, ಮನುಷ್ಯರಿಗೆ ಸೊಪ್ಪಿನಿಂದ ರಕ್ಷಣೆ ಎಂಬುದು ಸಾಬೀತಾಗಿಲ್ಲ. ಸೊಪ್ಪಿನ ಸಂದೇಶವನ್ನೇ ನೆಚ್ಚಿಕೊಂಡು ಯಾರಾದರೂ ಎಕೋ ತಪ್ಪಿಸಿದರೆ ಅಥವಾ ಕೀಮೋ ಬಿಟ್ಟರೆ ನಷ್ಟವಾಗುವುದು ಅವರ ಜೀವಕ್ಕೆ. ಫಾರ್ವರ್ಡ್ ಮಾಡಲೇಬೇಕು ಎನಿಸಿದರೆ ಮೇಲಿನ ಲಕ್ಷಣಗಳ ಸಾಲನ್ನು ಫಾರ್ವರ್ಡ್ ಮಾಡಿ.