ಮಡ್ಡಿಗೆ ಎರಿ ಮಣ್ಣು ಹೊಡೆಸೋ ಮುಂಚೆ



ಗೋಕಾಕ ಗುಡ್ಡದ ಬುಡಕ ಮತ್ತ ಟ್ರ್ಯಾಕ್ಟರ್ ಓಡಾಟ ಚಾಲೂ ಆಗೇತಿ. ಮಡ್ಡಿ ಹೊಲಕ್ಕ ಎರಿ ಮಣ್ಣು ಹೊಡೆಸಿ, ಪೈಪ್‌ಲೈನ್ ತಂದು ಕಬ್ಬು ಹಚ್ಚೋ ಅವಸರ. ಕಬ್ಬು ಬರದ ಭೂಮಿ ಭೂಮಿನೇ ಅಲ್ಲ ಅನ್ನೋ ಲೆಕ್ಕ ನಮ್ಮದು. ಈ ಲೆಕ್ಕ ತಪ್ಪು ಅಂತ ನನ್ನ ಅನಿಸಿಕೆ.

ಮೊನ್ನೆ ಬಾಜು ಹೊಲದ ಹುಡುಗ ಕೇಳಿದ: "ಅಣ್ಣಾ, ಮಡ್ಡಿಯಾಗ ವೈನ್ ದ್ರಾಕ್ಷಿ ಬರ್ತೈತೇನು?" ಅವಗ ಹೇಳಿದ್ದನ್ನೇ ಇಲ್ಲಿ ಬರಿತೀನಿ.

ವೈನ್ ದ್ರಾಕ್ಷಿಗೆ ಕೊಬ್ಬಿದ ಭೂಮಿ ಆಗಿಬರಂಗಿಲ್ಲ. ಮೂಡಲಗಿ ಕಡೆಯ ಎರಿ ಭೂಮಿ ನೀರು ಹಿಡಿದಿಡುತ್ತದೆ. ಬಳ್ಳಿ ಎಲೆ ಬಿಡುತ್ತಲೇ ಹೋಗುತ್ತದೆ, ಗೊನೆಗೆ ನೆರಳು ಬೀಳುತ್ತದೆ, ರಸ ತೆಳ್ಳಗಾಗುತ್ತದೆ. ಗರಸು ಮಡ್ಡಿಯಲ್ಲಿ ನೀರು ಬಸಿದು ಹೋಗುತ್ತದೆ. ಡ್ರಿಪ್‌ನಲ್ಲಿ ಅಳೆದು ಕೊಟ್ಟರೆ ಕಾಳು ಸಣ್ಣದು, ರಸಕ್ಕೆ ಹೋಲಿಸಿದರೆ ಸಿಪ್ಪೆ ಪಾಲು ಹೆಚ್ಚಾಗುತ್ತದೆ. ಕೆಂಪು ವೈನಿನ ಬಣ್ಣ, ಒಗರು ಹೆಚ್ಚಾಗಿ ಬರೋದು ಸಿಪ್ಪೆಯಿಂದ. ತಿನ್ನೋ ದ್ರಾಕ್ಷಿಗೆ ಜಿಎ ಕೊಟ್ಟು ಕಾಳು ಉಬ್ಬಿಸ್ತೀವಲ್ಲ, ಇದು ಅದರ ಉಲ್ಟಾ.

ಇನ್ನ ಹವಾಮಾನ. ಫ್ರಾನ್ಸಿನಾಗ ಬಳ್ಳಿ ಚಳಿಗಾಲಕ್ಕ ಮಲಗ್ತೈತಿ, ನಮ್ಮಲ್ಲಿ ಮಲಗಂಗಿಲ್ಲ. ಅದಕ್ಕ ಏಪ್ರಿಲ್‌ದಾಗ ಒಂದು ಚಾಟ್ನಿ, ಸೆಪ್ಟೆಂಬರ್-ಅಕ್ಟೋಬರ್‌ದಾಗ ಇನ್ನೊಂದು, ಹಣ್ಣು ಫೆಬ್ರುವರಿ-ಮಾರ್ಚ್‌ಗೆ. ಒಣ ಬಿಸಿಲಿಗೆ ಸಕ್ಕರೆ ಏರುತ್ತದೆ, ರಾತ್ರಿ ತಂಪಿಗೆ ಹುಳಿ ಉಳಿಯುತ್ತದೆ. ನಂದಿ ಬೆಟ್ಟದ ಸೀಮೆಗೆ ಎತ್ತರದ ತಂಪು ಐತಿ. ಕೊಪ್ಪಳ ಜಿಲ್ಲೆಯ ಹಂಪಿ ಗುಡ್ಡಗಳ ಕಡೆ ಬಿಸಿಲು ಜಾಸ್ತಿ, ಭೂಮಿ ಕಲ್ಲು. ಅಲ್ಲೂ ವೈನ್ ತೋಟ ಅದಾವ. ಎರಡೂ ಕಡೆ ರುಚಿ ಬ್ಯಾರೆ. ನಮ್ಮಲ್ಲೂ ಹುಕ್ಕೇರಿ ಪಶ್ಚಿಮಕ್ಕ ಮಳಿ ಹೆಚ್ಚು, ಪೂರ್ವಕ್ಕ ಬಂದಂಗ ಕಡಿಮೆ. ಒಂದೇ ಸಲಹೆ ಮೂರೂ ತಾಲೂಕಿಗೆ ನಡಿಯಂಗಿಲ್ಲ.

ನಾನು ಕಾಲುವೆ ಬಾಜು 1 ಎಕರೆ ಎರಿ ಹೊಲದಾಗ ದ್ರಾಕ್ಷಿ ಹಚ್ಚಿ ಕೈ ಸುಟ್ಟುಕೊಂಡಾಂವ. ಅಕ್ಟೋಬರ್ ಮಳಿಗೆ ನೀರು ನಿಂತು, ಡೌನಿ ಬಿದ್ದು, ಎರಡನೇ ವರ್ಷಕ್ಕ ಕಿತ್ತು ಹಾಕಿದೆ. ತಪ್ಪು ಬಳ್ಳಿದಲ್ಲ, ಜಾಗ ನೋಡದ ನಂದು. ಈಗ ಅದೇ ಹೊಲದ ಕೆಳಗಿನ ತುದಿ ಸವಳು ಹಿಡಿಯಾಕತ್ತೈತಿ.

ಹಂಗಂತ ಎಲ್ಲಾರೂ ವೈನ್ ದ್ರಾಕ್ಷಿ ಹಚ್ಚರಿ ಅನ್ನೋದಿಲ್ಲ. ವೈನರಿ ಜೊತೆ ಲಿಖಿತ ಒಪ್ಪಂದ ಇಲ್ಲದ ಒಂದು ಕಂಬಾನೂ ನೆಡಬ್ಯಾಡ್ರಿ. ಆ ಹಣ್ಣು ಸಂತಿಯಾಗ ಮಾರಾಕ ಬರಂಗಿಲ್ಲ. ಆದರ ಮಡ್ಡಿಯಾಗ 3 ಅಡಿ ಗುಂಡಿ ತೋಡಿ, ಮಳಿ ನೀರು ಎಷ್ಟೊತ್ತಿಗೆ ಇಂಗ್ತೈತಿ ನೋಡ್ರಿ. ಮಣ್ಣು, ನೀರು ಎರಡೂ ಪರೀಕ್ಷೆ ಮಾಡಿಸ್ರಿ. ಆಮ್ಯಾಲ ದ್ರಾಕ್ಷಿಯೋ, ದಾಳಿಂಬೆಯೋ, ಸೀತಾಫಲವೋ ನಿರ್ಧಾರ ಮಾಡ್ರಿ.

ಒಮ್ಮೆ ಹೊಡೆಸಿದ ಎರಿ ಮಣ್ಣು ಮತ್ತ ಎತ್ತಾಕ ಬರಂಗಿಲ್ಲ.

ನಿಮ್ಮ ಮಡ್ಡಿಯಾಗ ಏನು ಚಲೋ ಬಂದೈತಿ, ಕೆಳಗ ಬರೀರಿ.