ಹೆಪ್ಪುನೆಲದ ಜ್ವರ ನೋಡುವವರು ಯಾರು?

ಮಕ್ಕಳೇ, ಹಿಮಾಲಯ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಬಿಳಿಯ ಹಿಮ, ಹಿಮನದಿಗಳು, ಅವುಗಳಿಂದ ಹುಟ್ಟುವ ಹೊಳೆಗಳು ಅಲ್ಲವೇ? ಆದರೆ ಅಲ್ಲಿ ಹೆಪ್ಪುಗಟ್ಟಿರುವುದು ನೀರು ಮಾತ್ರವಲ್ಲ, ನೆಲವೂ ಹೌದು. ಕನಿಷ್ಠ ಎರಡು ವರ್ಷ ಒಂದೇ ಸಮನೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ಉಷ್ಣತೆಯಲ್ಲಿರುವ ನೆಲಕ್ಕೆ ವಿಜ್ಞಾನಿಗಳು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ನಾವು ಹೆಪ್ಪುನೆಲ ಎನ್ನೋಣ. ಬೇಸಿಗೆಯಲ್ಲಿ ಇದರ ಮೇಲ್ಪದರ ಮಾತ್ರ ಕರಗಿ, ಚಳಿಗಾಲದಲ್ಲಿ ಮತ್ತೆ ಗಟ್ಟಿಯಾಗುತ್ತದೆ.

ಪರಿಚಯದವರ ಮನೆಯಲ್ಲಿ ಫ್ರಿಜ್ ಇದ್ದರೆ ಕೇಳಿಕೊಂಡು ಒಂದು ಪ್ರಯೋಗ ಮಾಡಿ. ಪ್ಲಾಸ್ಟಿಕ್ ಲೋಟದಲ್ಲಿ ಒದ್ದೆ ಮರಳು ತುಂಬಿ, ಮಂಜುಗಡ್ಡೆ ಮಾಡುವ ಖಾನೆಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಅದನ್ನು ಲೋಟದಿಂದ ಹೊರತೆಗೆದು ಓರೆಯಾಗಿಟ್ಟ ಹಲಗೆಯ ಮೇಲೆ ನಿಲ್ಲಿಸಿ. ಮೊದಲು ಕಲ್ಲಿನಂತೆ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಕುಸಿದು ಜಾರುತ್ತದೆ. ಮರಳಿನ ಕಣಗಳನ್ನು ಅಂಟಿನಂತೆ ಹಿಡಿದಿದ್ದದ್ದು ಮಂಜುಗಡ್ಡೆ. ಬೆಟ್ಟದ ಇಳಿಜಾರಿನಲ್ಲೂ ಹೀಗೆಯೇ.

ಸಿಕ್ಕಿಂನಲ್ಲಿ, ಸಮುದ್ರಮಟ್ಟದಿಂದ 5,000 ಮೀಟರಿಗೂ ಎತ್ತರದಲ್ಲಿ, ದಕ್ಷಿಣ ಲ್ಹೋನಾಕ್ ಎಂಬ ಸರೋವರವಿದೆ. ಹಿಮನದಿ ಕರಗಿದಂತೆ ಅದು ಹಿಗ್ಗುತ್ತಿತ್ತು. ಒಡೆದರೆ ಅಪಾಯವೆಂದು ಎಲ್ಲರಿಗೂ ಗೊತ್ತಿತ್ತು. 2016ರಲ್ಲಿ ಪೈಪುಗಳನ್ನು ಹಾಕಿ ಸ್ವಲ್ಪ ನೀರನ್ನು ಹೊರಬಿಡುವ ಕೆಲಸವೂ ನಡೆದಿತ್ತು. 2023ರ ಅಕ್ಟೋಬರ್ 3ರ ರಾತ್ರಿ ಆದದ್ದೇ ಬೇರೆ. ಸರೋವರದ ಪಕ್ಕದಲ್ಲಿ, ಹಿಮನದಿ ಹಿಂದೆಂದೋ ಗುಡ್ಡೆ ಹಾಕಿದ್ದ ಕಲ್ಲು ಮಣ್ಣಿನ ಹೆಪ್ಪುಗಟ್ಟಿದ ದಿಬ್ಬ ಕುಸಿದು ನೀರಿಗೆ ಬಿತ್ತು. ಒಂದೂವರೆ ಕೋಟಿ ಘನ ಮೀಟರಿನಷ್ಟು! ಸುಮಾರು 20 ಮೀಟರ್ ಎತ್ತರದ ಅಲೆ ಎದ್ದು ಸರೋವರದ ಕಟ್ಟೆಯನ್ನು ಒಡೆಯಿತು. ತೀಸ್ತಾ ಕಣಿವೆಯಲ್ಲಿ ನುಗ್ಗಿದ ನೀರು ಚುಂಗ್‌ಥಾಂಗ್‌ನ ವಿದ್ಯುತ್ ಯೋಜನೆಯ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು.

ಎಲ್ಲರ ಕಣ್ಣು ನೀರಿನ ಮೇಲಿತ್ತು, ಕುಸಿದದ್ದು ಪಕ್ಕದ ನೆಲ. ಆ ದಿಬ್ಬ ಕೆಲವು ವರ್ಷಗಳಿಂದಲೇ ಜಾರುತ್ತಿತ್ತೆಂದು ಉಪಗ್ರಹ ಚಿತ್ರಗಳನ್ನು ಆಮೇಲೆ ಪರಿಶೀಲಿಸಿದಾಗ ತಿಳಿಯಿತು. ಉಪಗ್ರಹಕ್ಕೆ ನೆಲ ಜಾರುವುದು ಕಾಣುತ್ತದೆ. ನೆಲದೊಳಗೆ ಎಷ್ಟು ಆಳದವರೆಗೆ ಬಿಸಿ ಇಳಿದಿದೆ ಎಂಬುದು ಕಾಣುವುದಿಲ್ಲ. ಅದಕ್ಕೆ ನೆಲ ಕೊರೆದು ಉಷ್ಣತಾಮಾಪಕಗಳನ್ನು ಇಳಿಬಿಡಬೇಕು. ನಮಗೆ ಜ್ವರ ಬಂದಾಗ ವೈದ್ಯರು ಮುಖ ನೋಡಿ ಸುಮ್ಮನಾಗುತ್ತಾರೆಯೇ? ಸ್ವಿಟ್ಜರ್ಲೆಂಡಿನ ಕೊರ್ವಾಚ್ ಪರ್ವತದಲ್ಲಿ 1987ರಲ್ಲಿಯೇ ಇಂಥ ಕೊಳವೆ ಕೊರೆದರು. ಅಂದಿನಿಂದ ಅಲ್ಲಿ ನೆಲದ ಉಷ್ಣತೆಯ ಲೆಕ್ಕ ಇಡುತ್ತ ಬಂದಿದ್ದಾರೆ. ಹೆಪ್ಪುನೆಲ ನಿಧಾನವಾಗಿ ಬಿಸಿಯಾಗುತ್ತಿರುವುದು ಅದರಿಂದ ತಿಳಿದಿದೆ.

ನಮ್ಮ ಹಿಮಾಲಯದಲ್ಲೂ ಇಂಥ ಕೊಳವೆಗಳು ಬೇಕು, ಅದೂ ಜನವಸತಿ ಮತ್ತು ಅಣೆಕಟ್ಟುಗಳ ಮೇಲ್ಭಾಗದ ಇಳಿಜಾರುಗಳಲ್ಲಿ ಮೊದಲು ಬೇಕು ಎಂಬುದು ನನ್ನ ಅಭಿಪ್ರಾಯ. "ಅಳೆದರೆ ಕರಗುವುದು ನಿಲ್ಲುತ್ತದೆಯೇ ಸಾರ್?" ಎಂದು ನೀವು ಕೇಳಬಹುದು. ನಿಲ್ಲುವುದಿಲ್ಲ. ಆದರೆ ಎಲ್ಲಿ ಕಟ್ಟಬಾರದು, ಯಾವ ಊರಿಗೆ ಮುನ್ನೆಚ್ಚರಿಕೆಯ ಸೈರನ್ ಬೇಕು ಎಂದು ಹೇಳಲು ಅಂಕಿಗಳಿರುತ್ತವೆ. ಕೆಲಸ ಸುಲಭವಲ್ಲ, ನಿಜ. ಅಷ್ಟು ಎತ್ತರದಲ್ಲಿ ಉಸಿರಾಡುವುದೇ ಕಷ್ಟ. ಕೊರೆಯುವ ಯಂತ್ರವನ್ನು ಬಿಡಿಬಿಡಿಯಾಗಿ ಸಾಗಿಸಬೇಕು. ಆದರೆ ನೀರಿಗಾಗಿ ನಮ್ಮೂರಿನ ಹೊಲಗಳಲ್ಲಿ ನೂರಾರು ಅಡಿ ಕೊಳವೆಬಾವಿ ಕೊರೆಯುತ್ತೇವೆ. ಕೊರ್ವಾಚ್‌ನ ಕೊಳವೆಯ ಆಳ ಸುಮಾರು 60 ಮೀಟರ್, ಅಂದರೆ ಇನ್ನೂರು ಅಡಿ ಅಷ್ಟೆ.