ಗಡ್ಡೆ ಎಲ್ಲಿದೆ ಅಂತ ಮೊದಲು ಕೇಳಿ

ಮುಂಬೈಗೆ ಬಂದು ಇಪ್ಪತ್ತೆಂಟು ವರ್ಷವಾಯ್ತು. ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಊಟಕ್ಕಿಂತ ಧಾರಾಳವಾಗಿ ಬಡಿಸುವುದು ಔಷಧಿ ಸಲಹೆಯನ್ನು! ಮಕ್ಕಳಿಗಾಗಿ ಕಾಯುತ್ತಿರುವ ಹುಡುಗಿ "ಗರ್ಭಕೋಶದಲ್ಲಿ ಫೈಬ್ರಾಯ್ಡ್ ಇದೆಯಂತೆ" ಅಂದರೆ ಸಾಕು, ಒಬ್ಬರು ಅಶೋಕಾರಿಷ್ಟ ಅಂತಾರೆ, ಒಬ್ಬರು ಶತಾವರಿ, ಮತ್ತೊಬ್ಬರು ಗ್ರೀನ್ ಟೀ ಮಾತ್ರೆ. ಕೊನೆಗೆ ಎಲ್ಲರದ್ದೂ ಒಂದೇ ಮಾತು: "ತಗೊಂಡು ನೋಡಮ್ಮಾ, ನ್ಯಾಚುರಲ್ ಅಲ್ವಾ, ಏನೂ ಆಗಲ್ಲ."

ಈ "ಏನೂ ಆಗಲ್ಲ" ಅನ್ನುವ ಮಾತಿಗೇ ನನ್ನ ತಕರಾರು.

ಗ್ರೀನ್ ಟೀಯನ್ನೇ ನೋಡಿ. 2013ರಲ್ಲಿ ಪ್ರಕಟವಾದ ಈಜಿಪ್ಟಿನ ಒಂದು ಪ್ರಯೋಗದಲ್ಲಿ, ನಾಲ್ಕು ತಿಂಗಳು ಅದರ ಸಾರ ತೆಗೆದುಕೊಂಡವರ ಗಡ್ಡೆ ಸರಾಸರಿ ಮೂರನೇ ಒಂದು ಭಾಗ ಕುಗ್ಗಿತ್ತು, ನಿಜ. ಆದರೆ ಅದರಲ್ಲಿದ್ದವರು ನಲವತ್ತು ಜನರೂ ಇಲ್ಲ. ಅಳೆದದ್ದು ಗಡ್ಡೆಯನ್ನು, ಮಗುವಾಯಿತೇ ಎಂಬುದನ್ನಲ್ಲ. ಇನ್ನು ಆ ಸಾರದ ಮುಖ್ಯ ಅಂಶವಾದ ಇಜಿಸಿಜಿ ಮಾತ್ರೆಗಳಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ತೊಂದರೆಯಾಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಕಪ್ಪಿನಲ್ಲಿ ಕುಡಿಯುವ ಚಹಾ ಬೇರೆ, ಮಾತ್ರೆ ಬೇರೆ.

ಅಶೋಕದ ಕಥೆಯೂ ಸರಳವಲ್ಲ. ಇಲ್ಲಿನ ಸೊಸೈಟಿ ಕಾಂಪೌಂಡುಗಳಲ್ಲಿ ಕಂಬದಂತೆ ನಿಂತಿರುವ "ಅಶೋಕ" ನಿಜವಾದ ಅಶೋಕವೇ ಅಲ್ಲ. ಅದರ ತೊಗಟೆಯನ್ನು ಔಷಧಿಗೆ ಬೆರಕೆ ಮಾಡುವುದೂ ಉಂಟು.

ಇದಕ್ಕಿಂತ ದೊಡ್ಡ ನಷ್ಟ ಸಮಯದ್ದು. ಗರ್ಭಕೋಶದ ಒಳಗೋಡೆಯಿಂದ ಒಳಕ್ಕೆ ಚಾಚಿದ ಗಡ್ಡೆ ಗರ್ಭ ನಿಲ್ಲಲು ಅಡ್ಡಿಯಾಗುತ್ತದೆ. ಹೊರಗೋಡೆಯ ಮೇಲಿರುವುದು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಸಾಮಾನ್ಯವಾಗಿ ಒಂದು ಸೋನೋಗ್ರಫಿಯಲ್ಲೇ ಇದರ ಸುಳಿವು ಸಿಗುತ್ತದೆ. ಅದನ್ನು ತಿಳಿಯದೆ ಬಾಟಲಿ ಮೇಲೆ ಬಾಟಲಿ ಖಾಲಿ ಮಾಡುತ್ತ ಕೂತರೆ, ಮೂವತ್ತೈದು ದಾಟಿದ ಹೆಣ್ಣಿಗೆ ಕಳೆದುಹೋದ ವರ್ಷವನ್ನು ಯಾರು ತಂದುಕೊಡುತ್ತಾರೆ?

ಹಾಗಂತ ಮಾತ್ರೆಯೆಲ್ಲ ದಂಡ ಅಂತಲ್ಲ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗಿ ಹಿಮೋಗ್ಲೋಬಿನ್ ಇಳಿದಿದ್ದರೆ ಕಬ್ಬಿಣದ ಮಾತ್ರೆ ಬೇಕೇ ಬೇಕು. ಗರ್ಭ ಧರಿಸುವ ಮೊದಲಿನಿಂದಲೇ ಫೋಲಿಕ್ ಆಸಿಡ್ ಕೂಡ. ಇವು ಗಡ್ಡೆ ಕರಗಿಸುವುದಿಲ್ಲ, ತಾಯಿ-ಮಗುವನ್ನು ಕಾಯುತ್ತವೆ. ಬೇರೇನೇ ತೆಗೆದುಕೊಳ್ಳುತ್ತಿದ್ದರೂ ಡಾಕ್ಟರಿಂದ ಮುಚ್ಚಿಡಬೇಡಿ.

ಗರ್ಭಕೋಶದ ಕಾಯಿಲೆ, ಬಂಜೆತನ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾನೂನು ನಿಷೇಧಿಸುತ್ತದೆ. ಜಾಹೀರಾತನ್ನು ಕಾನೂನು ತಡೆದೀತು, ಪ್ರೀತಿಯಿಂದ ಕೊಡುವ ಸಲಹೆಯನ್ನು ನಾವೇ ತಡೆಯಬೇಕು. ಮುಂದಿನ ಸಲ ಯಾರಾದರೂ ಈ ಕಷ್ಟ ಹೇಳಿಕೊಂಡರೆ ಔಷಧಿಯ ಹೆಸರು ಹೇಳುವ ಮೊದಲು, "ಗಡ್ಡೆ ಎಲ್ಲಿದೆಯಂತೆ?" ಅಂತ ಕೇಳೋಣ. ಏನಂತೀರಿ?